ಒಂದೇ ಸಿನಿಮಾ, ನಾಲ್ಕು ಡಬ್ಬಿ

ನನ್ನ ಕಪಾಟಿನಲ್ಲಿ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 'ಸೆವೆನ್ ಸಮುರಾಯ್' ನಾಲ್ಕು ಇವೆ. ಮನೆಗೆ ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. "ಒಂದೇ ಸಿನಿಮಾ ಅಲ್ವಾ, ನಾಲ್ಕು ಯಾಕೆ?" ಅಂತ ಕೇಳುತ್ತಾರೆ. ಹದಿನೆಂಟು ವರ್ಷಗಳಿಂದ ಹಳೆಯ ಜಪಾನೀ ಚಿತ್ರಗಳ ವಿಶೇಷ ಆವೃತ್ತಿಗಳನ್ನು ಕೂಡಿಡುತ್ತಿದ್ದೇನೆ. ಆ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಹೇಳಲು ಆಗುವುದಿಲ್ಲ.

ಆ ಸಿನಿಮಾವನ್ನು ಮೊದಲು ನೋಡಿದ್ದು ಕಾಲೇಜು ದಿನಗಳಲ್ಲಿ, ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಸವೆದುಹೋದ ಪ್ರಿಂಟು. ರೀಲು ಬದಲಿಸುವಾಗ ದೀಪ ಹಾಕುತ್ತಿದ್ದರು, ನಾವು ಕಾಲು ನೀಡಿ ಕೂರುತ್ತಿದ್ದೆವು. ಡಕಾಯಿತರಿಂದ ಊರು ಕಾಯಲು ರೈತರು ಏಳು ಸಮುರಾಯ್‌ಗಳನ್ನು, ಅಂದರೆ ಯೋಧರನ್ನು, ಕರೆತರುವ ಕಥೆ. ಕೊನೆಯ ಕಾಳಗ ನಡೆಯುವುದು ಸುರಿಯುವ ಮಳೆಯಲ್ಲಿ, ಕೆಸರಲ್ಲಿ. ಪರದೆಯ ಮೇಲೆ ಮಳೆ ಯಾವುದು, ಪ್ರಿಂಟಿನ ಗೀರು ಯಾವುದು ಅಂತ ಗೊತ್ತಾಗುತ್ತಲೇ ಇರಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

2006ರಲ್ಲಿ ಅಮೆರಿಕದ ಕ್ರೈಟೀರಿಯನ್ ಕಂಪನಿ ಅದೇ ಚಿತ್ರವನ್ನು ಮೂರು ಡಿಸ್ಕಿನ ಡಿವಿಡಿಯಾಗಿ ಹೊರತಂದಿತು. ಮರುವರ್ಷ ಅಲ್ಲಿಂದ ರಜೆಗೆ ಬಂದ ಅಣ್ಣನ ಕೈಲಿ ತರಿಸಿಕೊಂಡೆ. ಡಬ್ಬಿಯ ಹಿಂಭಾಗದಲ್ಲಿ 207 ನಿಮಿಷ ಅಂತ ಬರೆದಿತ್ತು. ನನಗೆ ಗಾಬರಿ. ನಾನು ನೋಡಿದ್ದು ಎರಡೂವರೆ ಗಂಟೆ ಚಿಲ್ಲರೆಯ ಸಿನಿಮಾ! ಆಮೇಲೆ ಗೊತ್ತಾಯಿತು, 1954ರಲ್ಲಿ ತೆರೆಕಂಡ ಈ ಚಿತ್ರವನ್ನು ಹೊರದೇಶಗಳಿಗೆ ಕಳಿಸುವಾಗ ಸುಮಾರು 160 ನಿಮಿಷಕ್ಕೆ ಕತ್ತರಿಸಿದ್ದರು ಅಂತ. ಅಂದರೆ ಏಳೆಂಟು ವರ್ಷ ನಾನು ತಲೆಯಲ್ಲಿ ಹೊತ್ತುಕೊಂಡಿದ್ದು ಮುಕ್ಕಾಲು ಸಿನಿಮಾ. ಮಧ್ಯಂತರದ ಸಂಗೀತ ಇದೆ ಅನ್ನುವುದೂ ಆಗಲೇ ತಿಳಿದದ್ದು. ಮತ್ತೆ ಆ ಮಳೆ! ಗೀರುಗಳು ಹೋಗಿದ್ದವು, ಮಳೆ ಹಾಗೇ ಇತ್ತು. ಗೀರನ್ನು ತೆಗೆದು ಹನಿಯನ್ನು ಉಳಿಸಲು ಯಾರೋ ಫ್ರೇಮ್ ಫ್ರೇಮ್ ಕೂತು ನೋಡಿದ್ದಾರೆ ಅನ್ನುವುದು ಆ ದಿನ ಹೊಳೆಯಿತು. ನನ್ನ ಸಂಗ್ರಹ ಶುರುವಾದದ್ದು ಅಲ್ಲಿಂದ.

ಆ ಡಿವಿಡಿಯಲ್ಲಿ ಇನ್ನೊಂದು ನಿಧಿ ಇತ್ತು. 1993ರಲ್ಲಿ ನಾಗಿಸಾ ಒಶಿಮಾ ಅವರು ಕುರೊಸಾವಾ ಜೊತೆ ನಡೆಸಿದ ಎರಡು ಗಂಟೆಯ ಮಾತುಕತೆ. ಒಶಿಮಾ ಹೊಸ ಅಲೆಯ ನಿರ್ದೇಶಕರು, ಹಿಂದಿನ ತಲೆಮಾರಿನ ಸಿನಿಮಾ ಜೊತೆ ಜಗಳ ಆಡಿಯೇ ಬೆಳೆದವರು. ಅವರು ಎಂಬತ್ತು ದಾಟಿದ ಹಿರಿಯರ ಎದುರು ಕೂತು ಅಷ್ಟು ಗೌರವದಿಂದ ಕೇಳುವುದನ್ನು ನೋಡುವುದೇ ಒಂದು ಪಾಠ. ಜೊತೆಗೆ ಎರಡು ಕಾಮೆಂಟರಿಗಳು, ಅಂದರೆ ಸಿನಿಮಾ ಓಡುತ್ತಿರುವಾಗಲೇ ಬಲ್ಲವರು ಅದರ ಬಗ್ಗೆ ಆಡುವ ಮಾತು. ಒಂದರಲ್ಲಿ ಮೈಕೆಲ್ ಜೆಕ್ ಒಬ್ಬರೇ ಪೂರ್ತಿ 207 ನಿಮಿಷ ಮಾತಾಡುತ್ತಾರೆ. ಇನ್ನೊಂದರಲ್ಲಿ ಡೊನಾಲ್ಡ್ ರಿಚಿ, ಸ್ಟೀಫನ್ ಪ್ರಿನ್ಸ್, ಟೋನಿ ರೇನ್ಸ್ ಸೇರಿ ಐದು ಜನ ಪಾಳಿ ಹಂಚಿಕೊಳ್ಳುತ್ತಾರೆ. ಅಂದಿನಿಂದ ಒಂದು ಅಭ್ಯಾಸ ಬೆಳೆಸಿಕೊಂಡೆ. ಹೊಸ ಡಿಸ್ಕ್ ಬಂದರೆ ಮೊದಲ ಸಲ ಸುಮ್ನೆ ಸಿನಿಮಾ. ವಾರ ಬಿಟ್ಟು ಕಾಮೆಂಟರಿ. ಆಮೇಲೆ ಡಬ್ಬಿಯೊಳಗಿನ ಪುಸ್ತಿಕೆ ಓದಿ ಮತ್ತೊಮ್ಮೆ ಸಿನಿಮಾ. ಇಷ್ಟಾಗದೆ ಇನ್ನೊಂದನ್ನು ತರಿಸುವುದಿಲ್ಲ.

2011ರಿಂದ ಮೂರು ವರ್ಷ ಕೆಲಸದ ಮೇಲೆ ಯೊಕೊಹಾಮಾದಲ್ಲಿದ್ದೆ. ನನ್ನ ಸಂಗ್ರಹದ ಅರ್ಧಭಾಗ ಬೆಳೆದದ್ದು ಅಲ್ಲೇ. ಡಿಸ್ಕುಗಳಿಗೆ ದೇಶವಾರು ವಲಯ ಇರುತ್ತದೆ, ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಬ್ಲೂರೇ ವಿಷಯದಲ್ಲಿ ಜಪಾನ್ ಮತ್ತು ಅಮೆರಿಕ ಎರಡೂ 'ಎ' ವಲಯ. ಹಾಗಾಗಿ ಅಲ್ಲಿ ಕೊಂಡ ಪ್ಲೇಯರಿನಲ್ಲಿ ಕ್ರೈಟೀರಿಯನ್ ಬ್ಲೂರೇ ಸಲೀಸಾಗಿ ಓಡುತ್ತಿತ್ತು. ಡಿವಿಡಿಯ ಕಥೆ ಬೇರೆ. ಅಮೆರಿಕ 1ನೇ ವಲಯ, ಜಪಾನ್ 2, ನಮ್ಮ ಭಾರತ 5. ಬ್ರಿಟನ್ ಕೂಡ 2ನೇ ವಲಯವೇ, ಆದರೆ ಅಲ್ಲಿಯದು ಪಾಲ್ ಅನ್ನುವ ಟಿವಿ ಪದ್ಧತಿ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸುತ್ತಾರೆ. 207 ನಿಮಿಷದ ಚಿತ್ರ 199ರ ಹತ್ತಿರಕ್ಕೆ ಇಳಿಯುತ್ತದೆ, ದನಿಯೂ ಸ್ವಲ್ಪ ಏರುತ್ತದೆ. ಚಿತ್ರದ ನಟ ತೊಶಿರೊ ಮಿಫುನೆಯ ಗುಡುಗು ದನಿ ಕೇಳಿ ಅಭ್ಯಾಸ ಆದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಭಾನುವಾರ ಬಂದರೆ ರೈಲು ಹತ್ತಿ ಟೋಕಿಯೋದ ಜಿಂಬೊಚೊಗೆ ಹೋಗುತ್ತಿದ್ದೆ. ಅದು ಹಳೆ ಪುಸ್ತಕದಂಗಡಿಗಳ ಬೀದಿ. ಸಿನಿಮಾ ಪುಸ್ತಕ, ಪೋಸ್ಟರ್, ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಳೆಯ ಕಿರುಹೊತ್ತಿಗೆಗಳು ರಾಶಿರಾಶಿ. ಡಿಸ್ಕುಗಳಿಗೆ ಶಿಂಜುಕುವಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳು. ಜಪಾನಿನಲ್ಲಿ ಹಳೆ ಸಾಮಾನು ಅಂದರೆ ಹಾಳು ಸಾಮಾನು ಅಲ್ಲ. ಡಬ್ಬಿಯ ಮೇಲೆ ಸುತ್ತಿರುವ ಕಾಗದದ ಪಟ್ಟಿಗೆ 'ಓಬಿ' ಅನ್ನುತ್ತಾರೆ, ಕಿಮೋನೊಗೆ ಕಟ್ಟುವ ಸೊಂಟಪಟ್ಟಿಯ ಹೆಸರೇ ಅದಕ್ಕೂ. ಓಬಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಚಿಕ್ಕ ಗೀರು ಇದ್ದರೂ ಚೀಟಿಯಲ್ಲಿ ಬರೆದಿಟ್ಟಿರುತ್ತಿದ್ದರು. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾಯಿತು.

ತೊಂದರೆ ಒಂದೇ. ಜಪಾನೀ ಡಿಸ್ಕುಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುವುದು ಅಪರೂಪ. ಅದಕ್ಕೆ ನಾನು ಮೊದಲು ಕಲಿತ ಪದಗಳಲ್ಲಿ 'ಜಿಮಾಕು' ಒಂದು, ಅಂದರೆ ಸಬ್‌ಟೈಟಲ್. ಡಬ್ಬಿಯ ಹಿಂದೆ ಆ ಎರಡು ಅಕ್ಷರ ಹುಡುಕಿ, ಪಕ್ಕದಲ್ಲಿ ಯಾವ ಭಾಷೆ ಅಂತ ನೋಡಿಯೇ ಕೊಳ್ಳುತ್ತಿದ್ದೆ. ಆದರೂ ತೋಹೋ ಸ್ಟುಡಿಯೋದವರೇ ಹೊರತಂದ 'ಸೆವೆನ್ ಸಮುರಾಯ್' ಬ್ಲೂರೇ ಕೊಂಡೆ. ಅದರಲ್ಲಿ ಜಪಾನೀ ಸಬ್‌ಟೈಟಲ್ ಇದೆ. ಆ ಚಿತ್ರದ ಮಾತು ಜಪಾನಿನವರಿಗೇ ಸರಿಯಾಗಿ ಕೇಳಿಸುವುದಿಲ್ಲ ಅಂತ ಆಫೀಸಿನ ಗೆಳೆಯರು ಹೇಳುತ್ತಿದ್ದರು. ನಾನು ಭಾಷೆ ಕಲಿತದ್ದು ಬಹುಪಾಲು ಆ ಡಿಸ್ಕಿನಿಂದ. ಸಮುರಾಯ್‌ಗಳ ಬಾವುಟದಲ್ಲಿ ಆರು ಸೊನ್ನೆ, ಒಂದು ತ್ರಿಕೋನ, ಕೆಳಗೆ 'ತ' ಅನ್ನುವ ಅಕ್ಷರ ಇರುತ್ತದೆ. ಸೊನ್ನೆಗಳು ಸಮುರಾಯ್‌ಗಳು, ತ್ರಿಕೋನ ಮಿಫುನೆಯ ಪಾತ್ರ ಕಿಕುಚಿಯೊ, 'ತ' ರೈತರು. ಜಪಾನೀ ಭಾಷೆಯಲ್ಲಿ 'ತ' ಅಂದರೆ ಗದ್ದೆ. ಇಂಗ್ಲಿಷ್ ಸಾಲು ಓದುತ್ತಾ ಹೋಗುವಾಗ ದಾಟಿಹೋಗಿದ್ದ ಈ ಮಾತು, ಅಕ್ಷರ ಕಲಿತ ಮೇಲೆ ಮನಸ್ಸಿಗೆ ಬಂದು ಕೂತಿತು. ಮಲೆನಾಡಿನ ಗದ್ದೆ ನೋಡಿ ಬೆಳೆದವನಿಗೆ ಅದು ಸಣ್ಣ ಮಾತಲ್ಲ.

ಅಲ್ಲಿದ್ದಾಗಲೇ ಇನ್ನೊಬ್ಬ ದೊಡ್ಡ ನಿರ್ದೇಶಕ ಯಸುಜಿರೊ ಓಜು ಅವರ 110ನೇ ಹುಟ್ಟುವರ್ಷ ಬಂತು, 2013. ಶೋಚಿಕು ಸ್ಟುಡಿಯೋ ಅವರ ನಾಲ್ಕು ಬಣ್ಣದ ಚಿತ್ರಗಳನ್ನು ಡಿಜಿಟಲ್ ಆಗಿ ದುರಸ್ತಿ ಮಾಡಿಸಿತು. 1958ರ 'ಈಕ್ವಿನಾಕ್ಸ್ ಫ್ಲವರ್' ಅವುಗಳಲ್ಲಿ ಒಂದು. ಓಜು ಬಣ್ಣಕ್ಕೆ ಕಾಲಿಟ್ಟದ್ದು ಇದರಲ್ಲೇ, ಅದೂ ಜರ್ಮನಿಯ ಆಗ್ಫಾ ಕಂಪನಿಯ ಫಿಲ್ಮಿನಲ್ಲಿ. ಕೆಂಪು ಬಣ್ಣ ಅವರಿಗೆ ತೀರಾ ಮುಖ್ಯ. ಚಿತ್ರದಲ್ಲಿ ಒಂದು ಕೆಂಪು ಕೆಟಲ್ ಇದೆ, ಯಾವ ಶಾಟಿನಲ್ಲಿ ನೋಡಿದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ನನ್ನ ಹತ್ತಿರ ಆಗಲೇ ಕ್ರೈಟೀರಿಯನ್‌ನ ಎಕ್ಲಿಪ್ಸ್ ಸರಣಿಯ ಡಿವಿಡಿ ಇತ್ತು. ಅದನ್ನೂ ಹೊಸ ದುರಸ್ತಿಯ ಡಿಸ್ಕನ್ನೂ ಒಂದರ ಹಿಂದೆ ಒಂದು ಹಾಕಿ ಆ ಕೆಟಲ್ ಒಂದನ್ನೇ ನೋಡಿದೆ. ಎರಡೂ ಒಂದೇ ಕೆಂಪು ಅಲ್ಲ. ಅವತ್ತಿಂದ ಬಣ್ಣದ ಸಿನಿಮಾ ಆದರೆ ಸ್ಟುಡಿಯೋದವರು ಮಾಡಿಸಿದ ದುರಸ್ತಿ ಯಾವುದು, ಯಾರು ಮುಂದೆ ನಿಂತು ಮಾಡಿಸಿದರು ಅಂತ ಪುಸ್ತಿಕೆಯಲ್ಲಿ ನೋಡದೆ ಕೊಳ್ಳುವುದಿಲ್ಲ. ನಿರ್ದೇಶಕ ಮಿಜೊಗುಚಿಯ 'ಉಗೆತ್ಸು' ಕಪ್ಪುಬಿಳುಪಿನದು, ಆದರೂ ಇದೇ ಮಾತು. ಅದರ ದುರಸ್ತಿಯಲ್ಲಿ ಸಲಹೆ ಕೊಟ್ಟವರು ಮಸಾಹಿರೊ ಮಿಯಾಜಿಮಾ, ಛಾಯಾಗ್ರಾಹಕ ಕಜುವೊ ಮಿಯಾಗಾವಾ ಬಳಿ ವರ್ಷಗಟ್ಟಲೆ ಸಹಾಯಕರಾಗಿದ್ದವರು. ಮಂಜಿನ ಸರೋವರ ಎಷ್ಟು ಬೂದು ಇರಬೇಕು ಅಂತ ಅವರಿಗಿಂತ ಚೆನ್ನಾಗಿ ಇನ್ನಾರು ಹೇಳಬಲ್ಲರು?

ಓಜು ಅವರ 'ಟೋಕಿಯೋ ಸ್ಟೋರಿ'ಯ ಮೂಲ ನೆಗೆಟಿವ್ ಬೆಂಕಿಯಲ್ಲಿ ಸುಟ್ಟುಹೋಗಿದೆ. ಇವತ್ತು ನಾವು ನೋಡುವುದೆಲ್ಲ ಉಳಿದ ಪ್ರತಿಗಳಿಂದ ಎತ್ತಿದ್ದು. ಹಾಗಾಗಿ ಪ್ರತಿ ಹೊಸ ಆವೃತ್ತಿಯೂ ಆ ನಷ್ಟದಿಂದ ಒಂದಿಷ್ಟನ್ನು ವಾಪಸ್ ತರುವ ಪ್ರಯತ್ನ. 2013ರ ಬ್ಲೂರೇಯನ್ನು ಸಾಗರದ ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಜ್ಜಿ ಪುಟ್ಟ ಮೊಮ್ಮಗನ ಜೊತೆ ಹುಲ್ಲಿನ ಏರಿಯ ಮೇಲೆ ನಿಂತು, ದೊಡ್ಡವನಾದ ಮೇಲೆ ಏನಾಗ್ತೀಯ, ಅಷ್ಟು ಹೊತ್ತಿಗೆ ನಾನು ಇರ್ತೀನೋ ಇಲ್ಲವೋ ಅನ್ನುವ ಜಾಗ ಬಂತು. "ಮತ್ತೆ ಹಾಕು" ಅಂದರು ಅಮ್ಮ. ಮತ್ತೆ ಹಾಕಿದೆ. ಮಗು ಹುಲ್ಲು ಕೀಳುತ್ತಾ ಇರುತ್ತದೆ, ಅಜ್ಜಿಯ ಮಾತು ಅದಕ್ಕೆ ಬೇಕಾಗಿಲ್ಲ. ಸ್ಪಷ್ಟ ಚಿತ್ರ ಬೇಕು ಅಂತ ನಾನು ಹಠ ಹಿಡಿಯುವುದು ಇಂಥ ಜಾಗಗಳಿಗಾಗಿ.

ಪೆಟ್ಟು ತಿಂದದ್ದೂ ಇದೆ. 'ರಾನ್' ಚಿತ್ರದ ಎರಡು ಡಿಸ್ಕಿನ ಕ್ರೈಟೀರಿಯನ್ ಡಿವಿಡಿ 2005ರದು. ಕುರೊಸಾವಾ ಅದನ್ನು ಚಿತ್ರೀಕರಿಸುವಾಗ ಫ್ರಾನ್ಸಿನ ನಿರ್ದೇಶಕ ಕ್ರಿಸ್ ಮಾರ್ಕರ್ ತೆಗೆದ ಸಾಕ್ಷ್ಯಚಿತ್ರವೂ ಅದರಲ್ಲಿತ್ತು. ಆಮೇಲೆ ಕೊಂಡರಾಯಿತು ಅಂತ ಮುಂದೂಡಿದೆ. ಹಕ್ಕು ಇನ್ನೊಂದು ಕಂಪನಿಗೆ ಹೋಯಿತು, ಡಿಸ್ಕ್ ಮಾರುಕಟ್ಟೆಯಿಂದ ಮಾಯವಾಯಿತು, ಬೆಲೆ ಮೂರು ಪಟ್ಟು. ಆತುರಪಟ್ಟು ಆನ್‌ಲೈನಿನಲ್ಲಿ ಅಪರಿಚಿತರೊಬ್ಬರ ಹತ್ತಿರ ಕೊಂಡೆ. ಬಂದದ್ದು ನಕಲಿ. ಕವರಿನ ಅಕ್ಷರಗಳು ಮಸುಕು, ಡಿಸ್ಕಿನ ಹಿಂಭಾಗ ನೇರಳೆ ಬಣ್ಣ. ಕಾರ್ಖಾನೆಯಲ್ಲಿ ಒತ್ತಿದ ಡಿವಿಡಿ ಬೆಳ್ಳಿ ಇಲ್ಲವೇ ಚಿನ್ನದ ಬಣ್ಣದಲ್ಲಿರುತ್ತದೆ, ನೇರಳೆ ಕಂಡರೆ ಮನೆಯಲ್ಲಿ ಬರೆದದ್ದು ಅಂತ ತಿಳಿಯಿರಿ. ಈಗ ಮಾರುವವರ ಹತ್ತಿರ ಡಿಸ್ಕಿನ ಎರಡೂ ಬದಿಯ ಫೋಟೋ ಕೇಳದೆ ಹಣ ಕಳಿಸುವುದಿಲ್ಲ.

ಇನ್ನೊಂದು ಪೆಟ್ಟು ಮಳೆಗಾಲದ್ದು. ಊರಿಗೆ ಮರಳಿದಾಗ ಒಂದು ಪೆಟ್ಟಿಗೆಯನ್ನು ಸಾಗರದ ಅಟ್ಟದಲ್ಲಿ ಇಟ್ಟಿದ್ದೆ. ಆಷಾಢ ಕಳೆಯುವ ಹೊತ್ತಿಗೆ ರಟ್ಟಿನ ಡಬ್ಬಿಗಳಿಗೆ ಬೂಸ್ಟು. ನುಣುಪು ಕಾಗದದ ಪುಸ್ತಿಕೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಅಕ್ಷರಗಳೇ ಎದ್ದು ಬಂದವು. ಡಿಸ್ಕುಗಳು ಬಚಾವಾದವು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ, ಸುತ್ತಿ ಸುತ್ತಿ ಒರೆಸಬಾರದು. ಬ್ಲೂರೇಯಲ್ಲಿ ಮಾಹಿತಿ ಇರುವುದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ. ಅದರ ಮೇಲೆ ಗಟ್ಟಿ ಲೇಪನ ಇದ್ದರೂ ಆಳದ ಗೀರು ಬಿದ್ದರೆ ಮುಗಿಯಿತು. ಈಗ ಎಲ್ಲವೂ ಬೆಂಗಳೂರಿನಲ್ಲಿ, ಬಾಗಿಲಿರುವ ಕಪಾಟಿನಲ್ಲಿ, ನೆಟ್ಟಗೆ ನಿಂತಿವೆ. ಸಿಲಿಕಾ ಜೆಲ್ ಚೀಟಿಗಳನ್ನು ಜೂನಿನಲ್ಲಿ ಬದಲಿಸುತ್ತೇನೆ.

ಈಗ ಶುರು ಮಾಡುವವರಿಗೆ ದಾರಿ ನನಗಿಂತ ಸುಲಭ. ಬ್ಲೂರೇ ಲೆಕ್ಕದಲ್ಲಿ ಭಾರತ 'ಸಿ' ವಲಯ, ಹಾಗಾಗಿ ಎಲ್ಲ ವಲಯಗಳನ್ನೂ ಓಡಿಸುವ ಪ್ಲೇಯರ್ ಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಹಳೆಯ ಚಿತ್ರಗಳನ್ನು ಹೊರತರುವ ಯುರೇಕಾ, ಬಿಎಫ್ಐ ಸಂಸ್ಥೆಗಳ ಡಿಸ್ಕುಗಳು ಬಹಳಷ್ಟು 'ಬಿ' ವಲಯಕ್ಕೆ ಬೀಗ ಹಾಕಿದವು. ಆದರೆ ಬ್ಲೂರೇಗಿಂತಲೂ ಸ್ಪಷ್ಟವಾದ 4ಕೆ ಯುಎಚ್‌ಡಿ ಡಿಸ್ಕಿಗೆ ವಲಯದ ಗೋಜೇ ಇಲ್ಲ. ನನ್ನ ನಾಲ್ಕನೇ 'ಸೆವೆನ್ ಸಮುರಾಯ್' ಅದೇ, 2024ರದು. ಕ್ರೈಟೀರಿಯನ್‌ನ 2010ರ ಬ್ಲೂರೇ ಮೂರನೆಯದು. ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕ ಮಳಿಗೆಗಳಲ್ಲಿ ಜುಲೈ ಮತ್ತು ನವೆಂಬರಿನಲ್ಲಿ ಕ್ರೈಟೀರಿಯನ್ ಡಿಸ್ಕುಗಳು ಅರ್ಧ ಬೆಲೆಗೆ ಸಿಗುವುದು ವಾಡಿಕೆ. ಅಲ್ಲಿ ನೆಂಟರಿದ್ದರೆ ಆಗ ಕೊಂಡಿಡಲು ಹೇಳಿ. ಬಿಡಿಬಿಡಿಯಾಗಿ ಅಂಚೆಯಲ್ಲಿ ತರಿಸಿದರೆ ಉಳಿಸಿದ್ದೆಲ್ಲ ಸುಂಕಕ್ಕೆ ಹೋಗುತ್ತದೆ.

ದೊಡ್ಡ ಪೆಟ್ಟಿಗೆಗಳಿಂದ ಶುರು ಮಾಡಬೇಡಿ. ಕುರೊಸಾವಾ ಶತಮಾನೋತ್ಸವದ 25 ಚಿತ್ರಗಳ ಪೆಟ್ಟಿಗೆ, ಕುರುಡು ಕತ್ತಿವರಸೆಗಾರ ಜಾಟೊಯಿಚಿಯ 25 ಚಿತ್ರಗಳ ಪೆಟ್ಟಿಗೆ, ಗೊಡ್ಜಿಲ್ಲಾದ 15 ಚಿತ್ರಗಳದು, ಎಲ್ಲವೂ ನೋಡಲು ಚೆಂದ. ಆದರೆ ಒಂದೊಂದು ಚಿತ್ರಕ್ಕೆ ಸಿಗುವ ಗಮನ ಕಮ್ಮಿ ಆಗುತ್ತದೆ. ನಾನು ಹೊಸಬರ ಕೈಗೆ ಕೊಡುವುದು ಸದಾವೊ ಯಾಮಾನಾಕಾ ಅವರ 'ಹ್ಯುಮಾನಿಟಿ ಅಂಡ್ ಪೇಪರ್ ಬಲೂನ್ಸ್', ಯುರೇಕಾದ ಮಾಸ್ಟರ್ಸ್ ಆಫ್ ಸಿನಿಮಾ ಸರಣಿಯ ಡಿವಿಡಿ. 1937ರ ಚಿತ್ರ. ಮರುವರ್ಷ ಯಾಮಾನಾಕಾ ಯುದ್ಧಕ್ಕೆ ಹೋದ ಜಾಗದಲ್ಲೇ ತೀರಿಕೊಂಡರು, ಆಗ ವಯಸ್ಸು 28. ಇಪ್ಪತ್ತಕ್ಕೂ ಜಾಸ್ತಿ ಚಿತ್ರ ಮಾಡಿದವರದು ಪೂರ್ತಿಯಾಗಿ ಉಳಿದಿರುವುದು ಮೂರೇ ಮೂರು. ಆ ಡಿಸ್ಕ್ ಕೈಯಲ್ಲಿ ಹಿಡಿದಾಗ ಪ್ರತಿ ಸಲವೂ ನನಗೆ ಏನೋ ಆಗುತ್ತದೆ.

ಈಗ ಹುಡುಕುತ್ತಿರುವುದು ನಾನೇ ಮಾರಿಬಿಟ್ಟ ಒಂದು ಡಿಸ್ಕನ್ನು. ಮಸಾಕಿ ಕೊಬಯಾಶಿಯವರ 'ಕ್ವೈದಾನ್', ನಾಲ್ಕು ದೆವ್ವದ ಕಥೆಗಳ ಚಿತ್ರ. 2000ದ ಕ್ರೈಟೀರಿಯನ್ ಡಿವಿಡಿಯಲ್ಲಿ 161 ನಿಮಿಷ ಇತ್ತು. 2015ರಲ್ಲಿ 183 ನಿಮಿಷದ ಮೂಲ ರೂಪ ಬ್ಲೂರೇಯಲ್ಲಿ ಬಂದಾಗ, ಹಳೆಯದು ಇನ್ನೇಕೆ ಅಂತ ಕೊಟ್ಟುಬಿಟ್ಟೆ. ಈಚೆಗೆ ಫಿಲ್ಮ್ ಸೊಸೈಟಿಯ ಒಬ್ಬಳು ಹುಡುಗಿ ಕೇಳಿದಳು, "ಆ 22 ನಿಮಿಷದಲ್ಲಿ ಏನೇನು ಕತ್ತರಿಸಿದ್ದರು, ಸರ್?" ತೋರಿಸಲು ನನ್ನ ಹತ್ತಿರ ಇರಲಿಲ್ಲ. ಶಿಂಜುಕುವಿನ ಅಂಗಡಿಗಳಲ್ಲಿ ನೋಡಲು ಹಳೆಯ ಸಹೋದ್ಯೋಗಿಗೆ ಹೇಳಿಟ್ಟಿದ್ದೇನೆ. ಪುಸ್ತಿಕೆ ಇಲ್ಲದಿದ್ದರೂ ಪರವಾಗಿಲ್ಲ, ಡಿಸ್ಕ್ ಓಡಿದರೆ ಸಾಕು.