ಪಾಪ್‌ಕಾರ್ನ್ ಗುಂಡಿ ಬಿಡಿ, ಕಿವಿಗೊಡಿ

ಮೈಕ್ರೋವೇವ್ ಓವನ್ನಿನಲ್ಲಿ ‘ಪಾಪ್‌ಕಾರ್ನ್’ ಎಂದು ಬರೆದ ಗುಂಡಿಯೊಂದು ಇರುತ್ತದಲ್ಲ, ಮೊದಲು ಅದನ್ನು ಮರೆತುಬಿಡಿ. ಎಷ್ಟೋ ಓವನ್‌ಗಳಲ್ಲಿ ಆ ಗುಂಡಿಯ ಕೆಲಸ ಇಷ್ಟೇ: ಕಂಪನಿಯವರು ಗೊತ್ತುಮಾಡಿದ ತೂಕದ ಕಾಗದದ ಪೊಟ್ಟಣಕ್ಕೆ ಸರಿಹೋಗುವಷ್ಟು ಹೊತ್ತು ಓವನ್ ಓಡಿಸುವುದು. ನೀವು ಹಾಕಿದ ಕಾಳೆಷ್ಟು, ಅದು ಹೊಸದೋ ಕಪಾಟಿನಲ್ಲಿ ಕೂತು ಒಣಗಿದ್ದೋ, ಸಂಜೆ ಏಳರ ಹೊತ್ತಿಗೆ ನಿಮ್ಮ ಬೀದಿಯಲ್ಲಿ ವೋಲ್ಟೇಜ್ ಎಷ್ಟಿದೆ, ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಪಾಪ್‌ಕಾರ್ನ್ ಆಯಿತೋ ಇಲ್ಲವೋ ಎಂದು ಹೇಳಬೇಕಾದ್ದು ನಿಮ್ಮ ಕಿವಿ. ಮೈಕ್ರೋವೇವ್‌ನಲ್ಲಿ ಕಾಳು ಅರಳಿಸಲೆಂದೇ ಸಿಗುವ ಮುಚ್ಚಳದ ಬಟ್ಟಲು, ಅಂದರೆ ಪಾಪರ್, ಎಷ್ಟೇ ದುಬಾರಿಯಾಗಿರಲಿ, ಅದು ಕಾಳನ್ನು ಒಂದೆಡೆ ಕೂಡಿಹಾಕಿ ಆವಿಯನ್ನು ಹೊರಗೆ ಬಿಡುತ್ತದೆ, ಅಷ್ಟೇ.

ಕಾಳು ಸರಿಯಿಲ್ಲದಿದ್ದರೆ ಉಳಿದ ಯಾವ ಸಿದ್ಧತೆಯೂ ಉಪಯೋಗಕ್ಕೆ ಬಾರದು. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ಕಾಳಿನೊಳಗಿನ ನೀರು

ಅಂಗಡಿಯಲ್ಲಿ ‘ಪಾಪ್‌ಕಾರ್ನ್ ಕಾಳು’ ಎಂದೇ ಕೇಳಿ ತನ್ನಿ. ದಾವಣಗೆರೆ, ಹಾವೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಹೊಲಗಳಿಂದ ಕೋಳಿ ಆಹಾರಕ್ಕೆಂದು ಲಾರಿಗಟ್ಟಲೆ ಹೋಗುವ ಗೋವಿನಜೋಳವನ್ನು ಹುರಿದರೆ ಕರಕಲಾಗುತ್ತದೆಯೇ ಹೊರತು ಹೂವಿನ ಹಾಗೆ ಅರಳುವುದಿಲ್ಲ. ಸ್ವೀಟ್‌ಕಾರ್ನ್ ಒಣಗಿಸಿಟ್ಟರೂ ಅಷ್ಟೇ. ಅರಳುವ ತಳಿಯೇ ಬೇರೆ: ಕಾಳು ಚಿಕ್ಕದು, ಗಟ್ಟಿ, ಸಿಪ್ಪೆಯಲ್ಲಿ ಸಂದು ಕಡಿಮೆ.

ಒಳ್ಳೆಯ ಪಾಪ್‌ಕಾರ್ನ್ ಕಾಳಿನ ತೂಕದಲ್ಲಿ ಸುಮಾರು ಶೇ 14ರಷ್ಟು ನೀರಿರುತ್ತದೆ. ಕೈಗೆ ತಗುಲದ, ಕಣ್ಣಿಗೆ ಕಾಣದ ಈ ನೀರೇ ಎಲ್ಲಕ್ಕೂ ಮೂಲ. ಕಾಳು ಕಾಯುತ್ತಿದ್ದಂತೆ ನೀರು ಆವಿಯಾಗಿ ಹೊರಬರಲು ನೋಡುತ್ತದೆ, ಸಿಪ್ಪೆ ಬಿಡುವುದಿಲ್ಲ. ಒಳಗಿನ ಹಿಟ್ಟು ಬೆಂದು ಗಂಜಿಯಾಗುತ್ತದೆ. ಶಾಖ 180 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಒಂಬತ್ತು ಪಟ್ಟಾಗಿರುತ್ತದೆ. ಮನೆಯ ಪ್ರೆಶರ್ ಕುಕ್ಕರಿನಲ್ಲಿ ಅದು ಎರಡು ಪಟ್ಟಷ್ಟೆ. ಆಗ ಸಿಪ್ಪೆ ಸೀಳಿ, ಗಂಜಿ ನೊರೆಯಾಗಿ ಉಬ್ಬಿ, ಉಬ್ಬಿದ ಹಾಗೆಯೇ ಆರಿ ಗಟ್ಟಿಯಾಗುತ್ತದೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್ ಎಷ್ಟು ಹೊತ್ತು ಉರಿಸಿದರೂ ವಿಷಲ್ ಹಾಕದಲ್ಲ, ಸಿಪ್ಪೆ ಬಿರಿದ ಕಾಳಿನದೂ ಅದೇ ಕಥೆ. ಆವಿ ಸುಮ್ಮನೆ ಸೋರಿಹೋಗುತ್ತದೆ, ಕಾಳು ಕಲ್ಲಾಗಿ ತಳದಲ್ಲಿ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಮತ್ತೊಮ್ಮೆ ಓವನ್ನಿಗಿಟ್ಟು ಅರಳಿಸುತ್ತೇನೆಂದು ಹೊರಡಬೇಡಿ. ಅದರಲ್ಲಿ ನೀರೇ ಉಳಿದಿರುವುದಿಲ್ಲ, ಸುಡುತ್ತದೆ.

ನಾಗರಪಂಚಮಿಗೆ ಅಳ್ಳು (ಜೋಳದ ಅರಳು) ಹುರಿಯುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದು ಹಳೇ ವಿದ್ಯೆ. ಅಳ್ಳಿನ ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಮೇಲಿನ ಪಸೆ ಆರಿದ ಮೇಲೆಯೇ ಕಾದ ಬಾಣಲೆಗೆ ಹಾಕುತ್ತಾರೆ. ಒಳಗೆ ತೇವ ಇರಬೇಕು, ಮೇಲೆ ಇರಬಾರದು. ಹಳೆಯ ಪಾಪ್‌ಕಾರ್ನ್ ಕಾಳಿಗೂ ಇದೇ ಉಪಾಯ ನಡೆಯುತ್ತದೆ, ಸ್ವಲ್ಪ ತಾಳ್ಮೆ ಹೆಚ್ಚು ಬೇಕು. ಗಾಜಿನ ಭರಣಿಯಲ್ಲಿ ಮೂರು ಕಪ್ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಿಗಿಯಾಗಿ ಮುಚ್ಚಿ ಕುಲುಕಿ. ನೀರೆಲ್ಲ ಹೀರುವ ತನಕ ಆಗಾಗ ಕುಲುಕುತ್ತಿರಿ. ಮೂರು ನಾಲ್ಕು ದಿನ ಹಾಗೇ ಬಿಟ್ಟು ಒಂದು ಹಿಡಿ ಅರಳಿಸಿ ನೋಡಿ. ನೀರು ಹೆಚ್ಚು ಸುರಿದರೆ ಕಾಳು ಬೂಸಲು ಹಿಡಿಯುತ್ತದೆ, ಹಿಡಿಯದಿದ್ದರೂ ಅರಳಿದ್ದು ಸಣ್ಣದಾಗಿ, ಜಿಗುಟಾಗಿ ಬರುತ್ತದೆ.

ಒಡೆದ ಪೊಟ್ಟಣವನ್ನು ರಬ್ಬರ್ ಬ್ಯಾಂಡ್ ಸುತ್ತಿ ಫ್ರಿಜ್ಜಿಗೆ ತಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಫ್ರಿಜ್ಜಿನ ಗಾಳಿ ಒಣಗಾಳಿ, ಕಾಳಿನ ತೇವ ಎಳೆದುಬಿಡುತ್ತದೆ. ಗಾಳಿಯಾಡದ ಡಬ್ಬಿಗೆ ತುಂಬಿ ಒಲೆಯಿಂದ ದೂರದ ಕಪಾಟಿನಲ್ಲಿಟ್ಟರೆ ಸಾಕು.

ಪಾಪರ್ ಆರಿಸುವಾಗ

ಮೈಕ್ರೋವೇವ್ ಅಲೆಗಳು ನೀರಿರುವ ವಸ್ತುವನ್ನು ಚೆನ್ನಾಗಿ ಬಿಸಿಮಾಡುತ್ತವೆ. ಗಾಜು, ಸಿಲಿಕೋನ್‌ನಂಥವನ್ನು ಹೆಚ್ಚಾಗಿ ಮುಟ್ಟದೆ ದಾಟಿಹೋಗುತ್ತವೆ. ಹಾಗಾಗಿ ಒಲೆಯ ಮೇಲಿನಂತೆ ಇಲ್ಲಿ ಪಾತ್ರೆಯ ತಳ ಕಾಳಿಗೆ ಶಾಖ ಕೊಡುವುದಿಲ್ಲ. ಓವನ್ನಿನ ಒಳಗಿನ ಗಾಳಿಯೂ ಬಿಸಿಯಿರುವುದಿಲ್ಲ. ಬಿಡಿಬಿಡಿಯಾಗಿ ಹರಡಿದ ಕಾಳು ಒಂದು ಕಡೆ ಕಾಯುತ್ತ ಇನ್ನೊಂದು ಕಡೆ ಆರುತ್ತಿರುತ್ತದೆ. ಒಂದಕ್ಕೊಂದು ಒತ್ತಿಕೊಂಡು ಕೂತಾಗಲೇ ಪರಸ್ಪರ ಬಿಸಿ ಹಿಡಿದಿಟ್ಟುಕೊಳ್ಳುವುದು. ಒಳ್ಳೆಯ ಪಾಪರ್‌ನ ತಳ ಕಿರಿದಾಗಿ, ಬಾಯಿ ಅಗಲವಾಗಿರುವುದು ಇದೇ ಕಾರಣಕ್ಕೆ. ಕಾಳು ಜಾರಿ ನಡುವಿಗೆ ಸೇರುತ್ತದೆ, ಅರಳಿದ್ದು ಮೇಲೇರುತ್ತದೆ. ಕೊಳ್ಳುವಾಗ ತಳ ಚಪ್ಪಟೆಯಾಗಿ ಅಗಲವಾಗಿದೆಯೇ ನೋಡಿ, ಇದ್ದರೆ ಬೇಡ.

ಮಡಚಿ ಚಪ್ಪಟೆ ಮಾಡಿಡಬಹುದಾದ ಸಿಲಿಕೋನ್ ಬಟ್ಟಲು, ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿನ ಪಾತ್ರೆ, ಗಟ್ಟಿ ಪ್ಲಾಸ್ಟಿಕ್ಕಿನದು, ಹೀಗೆ ಮೂರು ಬಗೆ ಸಿಗುತ್ತವೆ. ನನ್ನ ಮತ ಗಾಜಿಗೆ. ಒಳಗೇನಾಗುತ್ತಿದೆ ಕಾಣುತ್ತದೆ, ಎಣ್ಣೆಯ ವಾಸನೆ ಹಿಡಿಯುವುದಿಲ್ಲ, ಅರಿಶಿನ ಹಾಕಿದರೂ ಬಣ್ಣ ಕೂರುವುದಿಲ್ಲ. ಜಾಗ ಕಡಿಮೆಯಿದ್ದವರಿಗೆ, ಮಕ್ಕಳ ಕೈಗೆ ಕೊಡುವವರಿಗೆ ಸಿಲಿಕೋನ್ ಅನುಕೂಲ. ಸಾಮಾನ್ಯ ಪ್ಲಾಸ್ಟಿಕ್ ಡಬ್ಬಿ, ‘ಮೈಕ್ರೋವೇವ್ ಸೇಫ್’ ಎಂದು ಬರೆದಿದ್ದರೂ, ಅನ್ನ ಬಿಸಿಮಾಡಲಿಕ್ಕಷ್ಟೇ ಸರಿ. ಅನ್ನ 100 ಡಿಗ್ರಿ ದಾಟುವುದಿಲ್ಲ, ಈ ಕಾಳು 180 ಮುಟ್ಟುತ್ತದೆ. ಎಣ್ಣೆ ಸವರಿದ ಕಾಳು ಕೂತ ಜಾಗದಲ್ಲಿ ಅಂಥ ಡಬ್ಬಿ ಕರಗಿ ಗುಳಿ ಬೀಳಬಹುದು. ಪಾಪರ್‌ಗೆಂದೇ ಮಾಡಿದ ಪ್ಲಾಸ್ಟಿಕ್ ಬೇರೆ, ಅದರ ಜತೆ ಬಂದ ಚೀಟಿ ಓದಿ ಬಳಸಿ. ಸ್ಟೀಲ್ ಪಾತ್ರೆ, ಮೆಲಮೈನ್ ತಟ್ಟೆಗಳನ್ನಂತೂ ಹತ್ತಿರಕ್ಕೂ ತರಬೇಡಿ.

ಮುಚ್ಚಳದಲ್ಲಿ ಆವಿ ಹೋಗಲು ತೂತುಗಳಿರಲೇಬೇಕು. ಒಂದೊಂದು ಕಾಳೂ ಅರಳುವಾಗ ಆವಿ ಕಾರುತ್ತದೆ. ಅದು ಒಳಗೇ ಉಳಿದರೆ ಗರಿಗರಿಯಾಗಬೇಕಾದ್ದು ಹತ್ತಿಯುಂಡೆಯಾಗುತ್ತದೆ.

ಪಾಪರ್ ಇಲ್ಲದವರು ಕಂದು ಕಾಗದದ ಚೀಲಕ್ಕೆ ಕಾಳು ಹಾಕಿ ಬಾಯಿ ಮಡಚಿ ಮಾಡುವುದುಂಟು. ಚೀಲಕ್ಕೆ ಸ್ಟೇಪ್ಲರ್ ಪಿನ್ ಹೊಡೆಯಬೇಡಿ, ಕಿಡಿ ಹಾರಬಹುದು. ಓದಿ ಮುಗಿಸಿದ ಈ ಪುರವಣಿಯನ್ನೇ ಪೊಟ್ಟಣ ಕಟ್ಟಲು ಹೋಗಬೇಡಿ. ಶಾಯಿ ತಿನ್ನುವ ಪದಾರ್ಥವಲ್ಲ. ಅಂಗಡಿಯ ಸಿದ್ಧ ಪೊಟ್ಟಣದಲ್ಲಿ ಉಪ್ಪೆಷ್ಟು, ಕೊಬ್ಬೆಷ್ಟು ಎಂಬುದು ನಿಮ್ಮ ಕೈಯಲ್ಲಿಲ್ಲ. ಅದರ ಕಾಗದ ಎಣ್ಣೆ ಹೀರದಿರಲೆಂದು ಬಳಿಯುತ್ತಿದ್ದ ಪಿಎಫ್‌ಎಎಸ್ ಎಂಬ, ದೇಹದಲ್ಲಿ ಬೇಗ ಕರಗದೆ ಉಳಿಯುವ ರಾಸಾಯನಿಕಗಳ ಮಾರಾಟ ತಮ್ಮಲ್ಲಿ ನಿಂತಿದೆ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಟಿಸಿದ್ದೇ 2024ರ ಫೆಬ್ರುವರಿಯಲ್ಲಿ. ಬಟ್ಟಲಿಗೆ ಈ ಯಾವ ರಗಳೆಯೂ ಇಲ್ಲ.

ಇನ್ನು ಮಾಡುವುದು

ಓವನ್ ‘ಮೈಕ್ರೋ’ ಮೋಡ್‌ನಲ್ಲಿದೆಯೇ ನೋಡಿಕೊಳ್ಳಿ. ಕೇಕ್ ಮಾಡಿದ ಮೇಲೆ ಕನ್ವೆಕ್ಷನ್ (ಬಿಸಿಗಾಳಿ) ಮೋಡ್‌ನಲ್ಲೇ ಬಿಟ್ಟಿರುವುದು, ಒಳಗೆ ಕಬ್ಬಿಣದ ಸ್ಟ್ಯಾಂಡ್ ಮರೆತಿರುವುದು, ಎರಡೂ ಮಾಮೂಲಿ. ಸ್ಟ್ಯಾಂಡ್ ತೆಗೆಯಿರಿ, ತಿರುಗುವ ಗಾಜಿನ ತಟ್ಟೆ ಮಾತ್ರ ಇರಲಿ. ಖಾಲಿ ಪಾಪರ್ ಇಟ್ಟು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಸಿಲಿಕೋನ್ ಬಟ್ಟಲಿನ ಹಿಡಿ ಗೋಡೆಗೆ ತಾಗಿ ತಟ್ಟೆ ನಿಂತುಬಿಟ್ಟರೆ ಒಂದೇ ಕಡೆ ಸುಡುತ್ತದೆ.

ಎರಡೂವರೆ ಲೀಟರಿನ ಪಾಪರ್‌ಗೆ ಕಾಲು ಕಪ್ ಕಾಳು ಸಾಕು. ನೋಡಲು ಒಂದು ಮುಷ್ಟಿ, ಆದರೆ ಅರಳಿದಾಗ ಆರರಿಂದ ಎಂಟು ಕಪ್ ಆಗುತ್ತದೆ. ಮನೆ ತುಂಬ ನೆಂಟರಿದ್ದಾರೆಂದು ದುಪ್ಪಟ್ಟು ಸುರಿದರೆ ಮೊದಲು ಅರಳಿದವು ಮುಚ್ಚಳಕ್ಕೆ ಒತ್ತಿ ಬೇಯುತ್ತವೆ. ಎರಡು ಸಲ ಮಾಡಿ, ನಡುವೆ ಪಾಪರ್ ಆರಲಿ. ಬೆರಳೆಣಿಕೆಯ ಕಾಳು ಹಾಕಿ ಪರೀಕ್ಷಿಸುವುದೂ ತಪ್ಪು. ಓವನ್ನಿಗೆ ಅದು ಖಾಲಿ ಓಡಿಸಿದಂತೆಯೇ.

ಎಣ್ಣೆ ಬೇಕಿಲ್ಲ. ಕಾಳೊಳಗಿನ ನೀರೇ ಕೆಲಸ ಮಾಡುತ್ತದೆ. ಆದರೂ ಒಂದು ಚಿಕ್ಕ ಚಮಚ ಎಣ್ಣೆ ಅಥವಾ ತುಪ್ಪ ಸವರಿದರೆ ರುಚಿ ಹೆಚ್ಚು, ಉಪ್ಪು ಅಂಟುತ್ತದೆ. ಕುಕ್ಕರಿನಲ್ಲಿ ಮಾಡುವ ‘ಇನ್‌ಸ್ಟಂಟ್’ ಪೊಟ್ಟಣದ ಕಾಳಿಗೆ ಮೊದಲೇ ಕೊಬ್ಬು, ಉಪ್ಪು ಸೇರಿರುತ್ತದೆ, ಪಾಪರ್‌ಗೆ ಬಿಡಿ ಕಾಳೇ ಒಳ್ಳೆಯದು.

ಮುಚ್ಚಳ ಹಾಕಿ ನಡುಮಧ್ಯದಲ್ಲಿಟ್ಟು, ಪವರ್ ಪೂರ್ತಿ ಏರಿಸಿ, ನಾಲ್ಕು ನಿಮಿಷ ಇಡಿ. ನಾಲ್ಕು ನಿಮಿಷ ಓಡಲಿ ಎಂದಲ್ಲ, ನಿಲ್ಲಿಸುವುದು ನೀವೇ. ಬಿಟ್ಟು ಹೋಗಬೇಡಿ, ‘ಸ್ಟಾಪ್’ ಹತ್ತಿರ ಬೆರಳಿಟ್ಟು ನಿಲ್ಲಿ.

ಮೊದಲ ಒಂದು ಒಂದೂವರೆ ನಿಮಿಷ ಓವನ್ನಿನ ಗುಂಯ್‌ಗುಡುವ ಸದ್ದು ಬಿಟ್ಟರೆ ಏನೂ ಇಲ್ಲ. ಗಾಜಿನ ಪಾಪರ್ ಆದರೆ ಒಳಬದಿ ಸಣ್ಣಗೆ ಮಸುಕಾಗುವುದು ಕಾಣುತ್ತದೆ. ಆಮೇಲೆ ಒಂದು ‘ಟಪ್’. ಮುಚ್ಚಳಕ್ಕೆ ಬಡಿದು ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಇದ್ದಕ್ಕಿದ್ದಂತೆ ಒಂದರ ಬೆನ್ನಿಗೊಂದು ಸಿಡಿಯತೊಡಗಿ, ಎಣಿಸಲು ಬಾರದ ಪಟಪಟ. ಬಿಳಿ ರಾಶಿ ಕೆಳಗಿನಿಂದ ನೂಕಿಕೊಂಡು ಏರುತ್ತದೆ. ಮೊದಮೊದಲು ಗಾಜಿಗೆ, ಮುಚ್ಚಳಕ್ಕೆ ಬಡಿದು ಗಟ್ಟಿಯಾಗಿ ಕೇಳುತ್ತಿದ್ದ ಸದ್ದು ರಾಶಿ ಬೆಳೆದಂತೆ ಒಳಗೊಳಗೇ ಮಂದವಾಗುತ್ತದೆ. ಮಂದವಾದದ್ದು ನಿಂತಂತಲ್ಲ, ಈಗ ಹತ್ತಿರ ಬಾಗಿ ಕೇಳಬೇಕು. ಬಿಡುವು ಹಿಗ್ಗತೊಡಗಿದಾಗ ಮನಸ್ಸಿನಲ್ಲೇ ‘ಒಂದು, ಎರಡು’ ಎನ್ನಿ. ಎರಡು ಎನ್ನುವಷ್ಟು ಹೊತ್ತು ಸದ್ದಿಲ್ಲವೆಂದರೆ ತಕ್ಷಣ ನಿಲ್ಲಿಸಿ.

ಕೈ ತಡೆಯುವುದು ಇಲ್ಲೇ. ತಳದಲ್ಲಿ ಇನ್ನೂ ಹತ್ತಿಪ್ಪತ್ತು ಕಾಳು ಕಾಣುತ್ತಿರುತ್ತವೆ, ಇನ್ನರ್ಧ ನಿಮಿಷ ಬಿಟ್ಟರೆ ಅವೂ ಆದಾವು ಎಂಬ ಆಸೆ. ಅವು ಆಗುವುದಿಲ್ಲ. ಒಂಟಿಯಾಗಿ ಬಿದ್ದ ಕಾಳಿಗೆ ಶಾಖ ನಿಲ್ಲದು, ಅಷ್ಟರಲ್ಲಿ ಅರಳಿದ ರಾಶಿಯ ನಡುವೆ ಎಲ್ಲೋ ಒಂದು ಕಂದಾಗಿ ಹೊಗೆಯಾಡತೊಡಗುತ್ತದೆ. ಆ ಕಮಟು ಒಂದಕ್ಕೆ ಹತ್ತಿದರೆ ಬಟ್ಟಲಿಗೆಲ್ಲ ಹತ್ತಿದಂತೆ. ಹತ್ತಿಪ್ಪತ್ತು ಕಾಳಿನ ನಷ್ಟ ಒಪ್ಪಿಕೊಳ್ಳಿ.

700–800 ವಾಟ್‌ನ ಓವನ್‌ಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ನಿಮಿಷ, 900 ವಾಟ್‌ನದಕ್ಕೆ ಅದಕ್ಕೂ ಕಡಿಮೆ. ವೋಲ್ಟೇಜ್ ಇಳಿದ ಸಂಜೆ ಇನ್ನೂ ಹೆಚ್ಚು ಬೇಕಾದೀತು.

ಅರ್ಧ ನಿಮಿಷ ಬಿಟ್ಟು, ಒಣ ಬಟ್ಟೆ ಹಿಡಿದು ಹೊರತೆಗೆಯಿರಿ. ಮುಚ್ಚಳವನ್ನು ನಿಮ್ಮಿಂದ ಆಚೆ ಬದಿಗೆ ಎತ್ತಿ, ಮುಖಕ್ಕೆ ಆವಿ ಹೊಡೆಯದಿರಲಿ. ಗಾಜಿನದನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಬಿರುಕು ಬಿಟ್ಟೀತು. ಆಮೇಲೆ ತಡಮಾಡದೆ ಅಗಲ ಪಾತ್ರೆಗೆ ಸುರುವಿ ಹರಡಿ.

ಉಪ್ಪು, ಬೆಣ್ಣೆ, ಒಗ್ಗರಣೆ

ಕಲ್ಲುಪ್ಪು ಜಾರಿ ತಳಕ್ಕೆ ಹೋಗುತ್ತದೆ, ಪುಡಿ ಉಪ್ಪೂ ಅಷ್ಟಿಷ್ಟು ಜಾರುತ್ತದೆ. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಒಂದು ಸುತ್ತು ತಿರುಗಿಸಿ ಹಿಟ್ಟು ಮಾಡಿಟ್ಟುಕೊಂಡರೆ ಅರ್ಧದಷ್ಟು ಉಪ್ಪಿನಲ್ಲೇ ರುಚಿ ಹತ್ತುತ್ತದೆ. ಬೆಣ್ಣೆಯಲ್ಲಿ ಶೇ 16ರ ಆಸುಪಾಸು ನೀರಿರುವುದರಿಂದ ಕರಗಿಸಿ ಸುರಿದ ಕಡೆ ಪಾಪ್‌ಕಾರ್ನ್ ಮುದುಡುತ್ತದೆ. ತುಪ್ಪದಲ್ಲಿ ಆ ನೀರು ಕಾಯಿಸುವಾಗಲೇ ಹೋಗಿರುತ್ತದೆ. ಬೆಣ್ಣೆಯ ಪರಿಮಳವೂ ಬೇಕು, ಗರಿಗರಿಯೂ ಬೇಕೆನ್ನುವವರಿಗೆ ತುಪ್ಪವೇ ದಾರಿ.

ಸಕ್ಕರೆಯನ್ನು ಕಾಳಿನ ಜತೆ ಹಾಕಬೇಡಿ. ಕಾಳು ಅರಳುವ ಶಾಖಕ್ಕೇ ಅದು ಕಂದಾಗಿ, ಹಾಗೇ ಕರಕಲಾಗಿ ಪಾಪರ್‌ನ ತಳ ಹಿಡಿಯುತ್ತದೆ. ಕ್ಯಾರಮೆಲ್ ಬೇಕಿದ್ದರೆ ಒಲೆಯ ಮೇಲೆ ಬೇರೆಯಾಗಿ ಪಾಕ ಮಾಡಿ ಬೆರೆಸಿ. (2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಉಪ್ಪು-ಖಾರದ ಬಿಡಿ ಪಾಪ್‌ಕಾರ್ನ್‌ಗೆ ಶೇ 5, ಪೊಟ್ಟಣದ್ದಕ್ಕೆ 12, ಕ್ಯಾರಮೆಲ್ ಹಾಕಿದ್ದಕ್ಕೆ 18 ಎಂದು ಬಿಡಿಸಿ ಹೇಳಿದ್ದು, ಆಮೇಲೆ ಜನ ಆಡಿಕೊಂಡು ನಕ್ಕಿದ್ದು ನೆನಪಿರಬಹುದು. ಮನೆಯ ಪಾಕಕ್ಕೆ ತೆರಿಗೆಯಿಲ್ಲ.)

ನನ್ನ ಆಯ್ಕೆ ಮಾತ್ರ ಒಗ್ಗರಣೆ. ಖಾರ ಮಂಡಕ್ಕಿಗೆ ಹಾಕುವ ಹಾಗೆಯೇ: ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಮುರಿದ ಒಣಮೆಣಸಿನಕಾಯಿ. ಬೆಳ್ಳುಳ್ಳಿ, ಕರಿಬೇವು ಪೂರ್ತಿ ಗರಿಯಾಗಬೇಕು. ಹಸಿ ಉಳಿದರೆ ಅದರ ನೀರು ಪಾಪ್‌ಕಾರ್ನಿಗೆ ಇಳಿಯುತ್ತದೆ. ಹುರಿಗಡಲೆ, ಚಿಟಿಕೆ ಅರಿಶಿನ, ಉಪ್ಪಿನ ಪುಡಿ ಹಾಕಿ ಒಲೆ ಆರಿಸಿ, ಎಣ್ಣೆಯ ಬಿಸಿ ಇಳಿದ ಮೇಲೆ ಪಾಪ್‌ಕಾರ್ನ್ ಹಾಕಿ ಕೈಯಾಡಿಸಿ. ಅವಸರವಿದ್ದರೆ ಒಂದು ಚಮಚ ತುಪ್ಪ, ಎರಡು ಚಮಚ ಶೇಂಗಾ ಚಟ್ನಿಪುಡಿ. ಇನ್ನೇನೂ ಬೇಡ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರೂ ತಳದ ಅರೆಬಿರಿದ ಕಾಳು ಕಡಿಯುವ ಮುನ್ನ ಹಲ್ಲಿನ ಡಾಕ್ಟರ ಫೀಸು ನೆನೆಯಲಿ.

ಹೊಗೆ ಬಂದರೆ

ಓವನ್ ಬಾಗಿಲು ತೆಗೆಯಬೇಡಿ. ಗಾಳಿ ಹೊಕ್ಕರೆ ಹೊಗೆ ಬೆಂಕಿಯಾಗಬಹುದು. ನಿಲ್ಲಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹೊಗೆ ಅಡಗುವ ತನಕ ಕಾಯಿರಿ. ಆಮೇಲೆ ಒಂದು ಬಟ್ಟಲು ನೀರಿಗೆ ನಿಂಬೆಹೋಳು ಹಾಕಿ ಮೂರು ನಿಮಿಷ ಕುದಿಸಿ, ಮುಚ್ಚಿದ ಬಾಗಿಲ ಹಿಂದೆಯೇ ಐದು ನಿಮಿಷ ಬಿಟ್ಟು ಒರೆಸಿದರೆ ವಾಸನೆ ಬಹುಪಾಲು ಹೋಗುತ್ತದೆ. ಸಿಲಿಕೋನ್ ಪಾಪರ್ ಜಿಡ್ಡು ವಾಸನೆ ಹಿಡಿದಿದ್ದರೆ ಅಡುಗೆ ಸೋಡಾ ಕಲಸಿ ಬಳಿದು, ಒಂದು ರಾತ್ರಿ ಬಿಟ್ಟು ತೊಳೆಯಿರಿ.

ಮಿಕ್ಕ ಪಾಪ್‌ಕಾರ್ನ್ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ಹೊರಗಿಟ್ಟರೆ ಅರ್ಧ ಗಂಟೆಯಲ್ಲೇ ಮೆತ್ತಗಾಗುತ್ತದೆ. ಹಾಗಾದದ್ದನ್ನು ಮತ್ತೆ ಮೈಕ್ರೋವೇವ್‌ಗೆ ಇಡುವುದಕ್ಕಿಂತ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ಕೈಯಾಡಿಸಿ, ತಟ್ಟೆಗೆ ಹರಡಿ. ಬಿಸಿಯಿರುವಾಗಲೇ ಬಾಯಿಗೆ ಹಾಕಿ ‘ಇನ್ನೂ ಮೆತ್ತಗಿದೆ’ ಎಂದು ಮತ್ತೆ ಒಲೆಗೇರಿಸಬೇಡಿ, ಆರಿದ ಮೇಲೆ ತಿಂದು ನೋಡಿ.