ಹಿತ್ತಲನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಕಥೆ

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಶಿಶುವಿಹಾರ ನಡೆಸುತ್ತೇನೆ. ಮೂರರಿಂದ ಐದು ವರ್ಷದ 22 ಮಕ್ಕಳು. ಕಟ್ಟಡದ ಹಿಂದೆ ಎರಡು ಗುಂಟೆ ಜಾಗ ಸುಮ್ನೆ ಬಿದ್ದಿತ್ತು. ಒಂದು ಹಲಸಿನ ಮರ, ಒಂದಿಷ್ಟು ಲಂಟಾನ, ಮಿಕ್ಕಿದ್ದು ಕಲ್ಲು.

ಮೊದಲ ವರ್ಷ ಪೂರ್ತಿ ಎಡವಟ್ಟು. ಫೋನಿನಲ್ಲಿ ಚಿತ್ರ ನೋಡಿ ಹಳೇ ಟಯರಿಗೆ ಬಣ್ಣ ಬಳಿದು ನೆಟ್ಟೆ. ತಗಡಿನ ಜಾರುಬಂಡಿ ತರಿಸಿದೆ. ಮಾರ್ಚ್ ಬಿಸಿಲಿಗೆ ಹನ್ನೊಂದು ಗಂಟೆಗೇ ಅದನ್ನು ಮುಟ್ಟೋಕಾಗುತ್ತಿರಲಿಲ್ಲ. ಜೂನ್‌ನಲ್ಲಿ ಟಯರೊಳಗೆ ನೀರು ನಿಂತು ಸೊಳ್ಳೆ ಮರಿ ಕುಣಿದಾಡಿದವು. ಡೆಂಗಿ ಭಯಕ್ಕೆ ಎಲ್ಲ ಕಿತ್ತೆಸೆದೆ.

ಆಮೇಲೆ ಒಂದು ವಾರ ಏನೂ ಮಾಡದೆ ನೋಟ್‌ಬುಕ್ ಹಿಡಿದು ಕೂತೆ. ಯಾವ ಮಗು ಎಲ್ಲಿ ಎಷ್ಟು ಹೊತ್ತು ಇರುತ್ತೆ ಅಂತ ಬರೆದುಕೊಂಡೆ. ಮಕ್ಕಳು ಮುಗಿಬೀಳುತ್ತಿದ್ದದ್ದು ಮೂರೇ ಕಡೆ: ಕೈ ತೊಳೆಯುವ ನಲ್ಲಿಯ ಕೆಸರು, ಹಲಸಿನ ಬೇರು, ಸೂರಿನ ಕೆಳಗಿನ ಒಣ ಮಣ್ಣು. ನಾನು ದುಡ್ಡು ಸುರಿದ ಕಡೆ ಒಬ್ಬರೂ ಇಲ್ಲ!

ಹಾಗಾಗಿ ನಲ್ಲಿಯಿಂದಲೇ ಶುರು ಮಾಡಿದೆ. ಪಕ್ಕದ ತೋಟದವರು ಬಿದ್ದ ಅಡಿಕೆ ಮರ ಸೀಳಿ, ತಿರುಳು ತೆಗೆದು ನೀರು ಹರಿಸೋಕೆ ನಾಲ್ಕು ದಂಬೆ ಮಾಡಿಕೊಟ್ಟರು. ಅವನ್ನು ಎಲ್ಲೂ ಗಟ್ಟಿಯಾಗಿ ಕೂರಿಸಲಿಲ್ಲ. ಕಲ್ಲಿನ ಮೇಲೆ ಸುಮ್ನೆ ಇಟ್ಟೆವು. ದಿನಕ್ಕೆ ಎರಡು ಕೊಡ ನೀರು, ಮುಗಿದರೆ ಮುಗೀತು. ನಾಲ್ಕು ವರ್ಷದ ಒಬ್ಬ ಹುಡುಗ ದಂಬೆಯ ಒಂದು ತುದಿಗೆ ಇನ್ನೊಂದು ಕಲ್ಲು ಕೊಟ್ಟು ಎತ್ತರಿಸಿದ. ನೀರು ಸರ್ರನೆ ಇಳಿಯಿತು. ಕಲ್ಲು ತೆಗೆದ, ನಿಧಾನವಾಯಿತು. ‘ಟೀಚರ್, ಇದು ಓಡೋ ನೀರು, ಇದು ನಡೆಯೋ ನೀರು’ ಅಂದ. ಇಳಿಜಾರಿನ ಪಾಠ ಮಾಡೋಕೆ ನನಗೇನೂ ಉಳಿಯಲೇ ಇಲ್ಲ.

ಮರಳಿನ ಗುಂಡಿ ಒಂದಡಿ ಆಳ. ತಳಕ್ಕೆ ಜಲ್ಲಿ, ಅದರ ಮೇಲೆ ಬಲೆ, ಮೇಲೆ ಹೊಳೆ ಮರಳು. ಜಲ್ಲಿ ಹಾಕದಿದ್ದರೆ ನಮ್ಮ ಮಳೆಗೆ ಅದು ಕೆರೆಯಾಗುತ್ತೆ. ಸಂಜೆ ಮುಚ್ಚದಿದ್ದರೆ ಬೆಕ್ಕುಗಳು ಅದನ್ನೇ ಕಕ್ಕಸು ಮಾಡಿಕೊಳ್ಳುತ್ತವೆ. ಹತ್ತಿ ಇಳಿಯೋಕೆ ಇಟ್ಟ ಜಂಬಿಟ್ಟಿಗೆಗಳಿಗೆ ಮಳೆಗಾಲದಲ್ಲಿ ಹಾವಸೆ ಕಟ್ಟುತ್ತೆ. ವಾರಕ್ಕೊಮ್ಮೆ ತಂತಿ ಬ್ರಷ್‌ನಲ್ಲಿ ತಿಕ್ಕಲೇಬೇಕು. ಜಾರುಬಂಡಿಯ ಬದಲು ಅಡಿಕೆ ಹಾಳೆ: ಒಬ್ಬರು ಕೂರೋದು, ಇಬ್ಬರು ಎಳೆಯೋದು.

ಗಿಡ ನೆಡುವ ಮೊದಲು ಕೀಳುವ ಕೆಲಸ ಜಾಸ್ತಿ ಇತ್ತು. ಬೇಲಿಯ ಕಣಗಿಲೆ, ಮೂಲೆಯ ಉಮ್ಮತ್ತಿ, ಹರಳು ಗಿಡ ಎಲ್ಲ ತೆಗೆಸಿದೆ. ಎಲ್ಲಕ್ಕಿಂತ ಹೆದರಿಸಿದ್ದು ಗುಲಗಂಜಿ ಬಳ್ಳಿ. ಆ ಕೆಂಪು ಕಪ್ಪು ಬೀಜ ಅಷ್ಟು ಚಂದ, ಅಗಿದರೆ ಅಷ್ಟೇ ವಿಷ. ಬೇಲಿಗೆ ಲಕ್ಕಿ ಮತ್ತು ದಾಸವಾಳ ಹಾಕಿದೆ. ಒಳಗೆ ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಬಸಳೆ. ದೊಡ್ಡಪತ್ರೆ ಎಲೆ ಚಿವುಟಿ ಮೂಸಿ ‘ತಂಬುಳಿ!’ ಅಂತ ಕೂಗದ ಮಗು ಇಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಒಬ್ಬರು ಅಜ್ಜಿ ನೇರವಾಗಿ ಕೇಳಿದರು: ‘ಅಲ್ಲ ಟೀಚರೇ, ಮಣ್ಣಾಡೋಕೆ ಫೀಸು ಕೊಟ್ಟು ಇಲ್ಲಿಗೆ ಕಳಿಸ್ಬೇಕಾ? ನಮ್ಮನೆ ಅಂಗಳದಲ್ಲಿ ಮಣ್ಣಿಗೆ ಬರವಾ?’ ಉತ್ತರ ಹೊಳೆಯದೆ ನಕ್ಕುಬಿಟ್ಟೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಆದರೆ ಈಗ ಅಂಗಳಕ್ಕೂ ಇಂಟರ್‌ಲಾಕ್ ಟೈಲ್ಸ್ ಬಂದಿದೆಯಲ್ಲ. ಕಿಂಡರ್‌ಗಾರ್ಟನ್ ಅಂತ 1840ರಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ಹೆಸರಿಟ್ಟಾಗ ಅದರ ಅರ್ಥವೇ ‘ಮಕ್ಕಳ ತೋಟ’. ಬೋರ್ಡು ಊರೂರಿಗೂ ಬಂತು, ತೋಟ ಮಾತ್ರ ಬರಲಿಲ್ಲ. ಬಟ್ಟೆ ಕೊಳೆಯಾಗುತ್ತೆ ಅನ್ನುವ ದೂರಿಗೆ ಮಾತ್ರ ಸುಲಭದ ದಾರಿ ಸಿಕ್ಕಿತು. ಪ್ರತಿ ಮಗುವಿನದೂ ಒಂದು ಜೊತೆ ಹಳೇ ಬಟ್ಟೆ ಇಲ್ಲೇ ಇರುತ್ತೆ.

ಸೂರಿನ ಕೆಳಗೆ ಕಲ್ಲು ಹಾಸಿಸುವ ಯೋಚನೆ ಇತ್ತು. ಅಳತೆ ಹಿಡಿಯೋಕೆ ಹೋದರೆ ಮೂವರು ಹೊಟ್ಟೆ ಮೇಲೆ ಮಲಗಿದ್ದರು. ಅಲ್ಲಿನ ನುಣ್ಣನೆ ಧೂಳಿನಲ್ಲಿ ಆಲಿಕೆಯಂಥ ಪುಟ್ಟ ಪುಟ್ಟ ಗುಂಡಿಗಳು. ತಳದಲ್ಲಿ ಇರುವೆಗೆ ಕಾದು ಕೂತ ಹುಳ. ಒಬ್ಬಳು ಹುಲ್ಲುಕಡ್ಡಿಯಿಂದ ಅಂಚು ಕೆದಕಿದಳು, ಒಳಗಿಂದ ಮಣ್ಣು ಚಿಮ್ಮಿತು. ‘ಶ್! ಟೀಚರ್, ತುಳೀಬೇಡಿ’ ಅಂದಳು. ಗಾರೆಯವರಿಗೆ ಫೋನ್ ಮಾಡಿ ಬರೋದು ಬೇಡ ಅಂದೆ.