ಒಂದು 'ಆನರ್', ಸ್ಪ್ಯಾನಿಶ್‌ನಲ್ಲಿ ಹಲವು ಮಾತು

ಕಾಸರಗೋಡಿನಲ್ಲಿ ಕೂತು ಇಂಗ್ಲಿಷಿನಿಂದ ಸ್ಪ್ಯಾನಿಶ್‌ಗೆ ಅನುವಾದ ಮಾಡುವುದು ನನ್ನ ಕೆಲಸ. ಮನೆಯಲ್ಲಿ ಕನ್ನಡ, ನೆರೆಯವರ ಜೊತೆ ತುಳು, ಪೇಟೆಯಲ್ಲಿ ಮಲಯಾಳ. ಹಾಗಾಗಿ 'ಆನರ್' ಎದುರಾದರೆ ಮೊದಲು ಅದನ್ನು ನನ್ನ ಮನೆಮಾತಿನಲ್ಲಿ ಹೇಳಿ ನೋಡುತ್ತೇನೆ. ಮಾನವೋ, ಸನ್ಮಾನವೋ, ಮಾತು ಉಳಿಸಿಕೊಳ್ಳುವುದೋ? ಅರ್ಥ ಅಲ್ಲೇ ಬೇರೆಯಾಗುತ್ತದೆ.

ಸ್ಪ್ಯಾನಿಶ್‌ನಲ್ಲೂ 'ಓನೋರ್' ಇದೆ. ಅಮೆರಿಕದವರು ಬರೆಯುವ ಸ್ಪೆಲ್ಲಿಂಗೇ. ಅಲ್ಲೂ ಎಚ್ ಸದ್ದಿಲ್ಲ, ಒತ್ತು ಮಾತ್ರ ಕೊನೆಗೆ. ಗೌರವದ ಅತಿಥಿ 'ಇನ್ವಿತಾದೊ ದೆ ಓನೋರ್', ಆಣೆಯಂಥ ಮಾತು 'ಪಲಾಬ್ರಾ ದೆ ಓನೋರ್'. ಇಲ್ಲೆಲ್ಲ ಕಷ್ಟವೇ ಇಲ್ಲ.

ಕಷ್ಟ ಇರುವುದು 'ಓನ್ರಾ' ಹತ್ತಿರ. ಓನೋರ್ ಹೆಚ್ಚಾಗಿ ಮನುಷ್ಯನ ಒಳಗಿನ ನಿಷ್ಠೆ, ಓನ್ರಾ ಊರವರ ಕಣ್ಣಲ್ಲಿ ಉಳಿದ ಹೆಸರು. ಎರಡೂ ಒಂದರೊಳಗೊಂದು ಬೆರೆಯುವುದೂ ಉಂಟು. 17ನೇ ಶತಮಾನದ ಸ್ಪ್ಯಾನಿಶ್ ನಾಟಕಗಳಲ್ಲಿ ಮನೆತನದ ಓನ್ರಾಕ್ಕಾಗಿ ಕತ್ತಿ ಹಿರಿಯುವವರು ಬಹಳ. ಅದರ ಭಾರವೆಲ್ಲ ಹೆಣ್ಣುಮಕ್ಕಳ ತಲೆಯ ಮೇಲೆ. 'ಮನೆ ಮಾನ ಹೋಯ್ತು' ಅನ್ನುವ ಮಾತು ಕೇಳಿ ಬೆಳೆದ ನಮಗೆ ಇದು ಹೊಸತಲ್ಲ ಅಲ್ವಾ? 'ಆನರ್ ಕಿಲ್ಲಿಂಗ್' ಸ್ಪ್ಯಾನಿಶ್‌ನಲ್ಲಿ 'ಕ್ರೀಮೆನ್ ದೆ ಓನೋರ್'. ನಮ್ಮ ಪತ್ರಿಕೆಗಳು 'ಮರ್ಯಾದೆಗೇಡು ಹತ್ಯೆ' ಎಂದು ಬರೆಯುತ್ತವೆ. ಎಷ್ಟು ಸರಿಯಾದ ಮಾತು! ಮೂಲದಲ್ಲಿ 'ಎನ್ನಲಾದ' ಎಂಬರ್ಥದ ಪದ ಇದ್ದರೆ, 'ಯಾಮಾದೊ' ಎಂದು ಹಾಕಿಯೇ ಹಾಕುತ್ತೇನೆ. ಅದನ್ನು ಬಿಟ್ಟರೆ ಕೊಲೆಗೆ ಗೌರವ ಕೊಟ್ಟಂತಾಗುತ್ತದೆ.

ಬ್ಯಾಂಕಿನ ಕಾಗದದಲ್ಲಿ ಇದೆಲ್ಲ ಬೇಡ. ಚೆಕ್ ಆನರ್ ಆಯಿತೆಂದರೆ ದುಡ್ಡು ಕೊಟ್ಟರು ಅಂತ, ಸುಮ್ನೆ 'ಪಗಾರ್' ಸಾಕು. ನಮ್ಮ 'ಪಗಾರ' ಬಂದದ್ದು ಪೋರ್ಚುಗೀಸರ 'ಪಗಾರ್'ನಿಂದ, ಎರಡೂ ಒಂದೇ ಬೇರಿನವು. ಬೌನ್ಸ್ ಆದ ಚೆಕ್ 'ಚೆಕೆ ದೆವುಎಲ್ತೊ', ಅಂದರೆ ವಾಪಸಾದದ್ದು. ಕರಾರಿನಂತೆ ನಡೆದುಕೊಳ್ಳುವುದಕ್ಕೆ 'ಕುಂಪ್ಲಿರ್'. ಸ್ಪೇನಿನ ಕೋರ್ಟಿನಲ್ಲಿ 'ಯುವರ್ ಆನರ್' ಜಾಗಕ್ಕೆ 'ಸು ಸೆನ್ಯೊರಿಯಾ'.

ಜಾಸ್ತಿ ಎಚ್ಚರ ಬೇಕಾದದ್ದು ಅಂಕಪಟ್ಟಿಯಲ್ಲಿ. ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ 'ಮಾತ್ರೀಕುಲಾ ದೆ ಓನೋರ್' ಎಂದರೆ ಒಂದು ವಿಷಯದಲ್ಲಿ ಸಿಗುವ ಎಲ್ಲಕ್ಕಿಂತ ಮೇಲಿನ ಮನ್ನಣೆ. 10ಕ್ಕೆ 9 ಅಥವಾ ಹೆಚ್ಚು ಪಡೆದವರಿಗೆ ಮಾತ್ರ, ಅದೂ ಸಾಮಾನ್ಯವಾಗಿ ತರಗತಿಯ ಶೇ. 5ರಷ್ಟು ಮಂದಿಗೆ ಮೀರದಂತೆ. ನಮ್ಮ ಬಿ.ಎ. ಆನರ್ಸ್ ಪದವಿಯೇ ಬೇರೆ. ಅದನ್ನು ಇದ್ದ ಹಾಗೇ ಇಟ್ಟು, ಕೆಳಗೆ ಟಿಪ್ಪಣಿಯಲ್ಲಿ ಅದು ಎಂಥ ಪದವಿ ಎಂದು ಬರೆಯುತ್ತೇನೆ.